ರೊಟ್ಟಿ ಕಟ್ಟಿದ್ದ ಬಟ್ಟೆ

ಅಬ್ಬಾ,

ನೀವು ಹೋಗಿ ಆರು ವರ್ಷವಾಯಿತು. ಇವತ್ತು ಯಾದಗಿರಿಯಲ್ಲಿ ಹಳೆಯ ಅಂಬಾಸಿಡರ್ ಕೊಂಡೆ. ನೀವು ಜೀವಮಾನವೆಲ್ಲ ಬೇರೆಯವರಿಗೆ ರಿಪೇರಿ ಮಾಡಿಕೊಟ್ಟಂಥದೇ. ಶಹಾಪುರಕ್ಕೆ ಬರುವಾಗ, ಭೀಮಾ ಸೇತುವೆ ದಾಟಿದ ಮೇಲೆ, ರಣಬಿಸಿಲಲ್ಲಿ ಕೆಮ್ಮಿ ನಿಂತಿತು.

ಟ್ರ್ಯಾಕ್ಟರಿನವನೊಬ್ಬ ಇಳಿದು, "ಮಿಸ್ತ್ರಿನ್ನ ಕರೀಲೇನ್ರಿ ಅಕ್ಕಾ?" ಎಂದ.

"ನಾ ಅದೀನಲ್ರಿ!" ಎಂದು ಬಾನೆಟ್ ಎತ್ತಿದೆ. ಬುತ್ತಿಯ ರೊಟ್ಟಿ ಕಟ್ಟಿದ್ದ ಬಟ್ಟೆ ಬಿಚ್ಚಿ, ನೀರಲ್ಲಿ ನೆನೆಸಿ, ಇಂಜಿನ್ನಿನ ಕಾದ ಪೆಟ್ರೋಲ್ ಪಂಪಿಗೆ ಸುತ್ತಿದೆ. ಅದು ತಣ್ಣಗಾದ ಮೇಲೆ ಕೀಲಿ ತಿರುವಿದರೆ ಒಂದೇ ಸಲಕ್ಕೆ ಚಾಲೂ!

"ಯಾರ್ ಕಲಿಸ್ಯಾರ್ರಿ?"

"ನಮ್ಮ ಅಬ್ಬಾ. ಅಮೀನುದ್ದೀನ ಮಿಸ್ತ್ರಿ."

ನಾನು ನಿಮ್ಮ ಪಾನಾ, ಸ್ಕ್ರೂಡ್ರೈವರ್ ಮುಟ್ಟಿದರೆ ಬೈದು ಒಳಗೆ ಕಳಿಸುತ್ತಿದ್ದಿರಿ ಎಂದು ಅವನಿಗೆ ಹೇಳಲಿಲ್ಲ. ಬಾಗಿಲ ಪರದೆಯ ತೂತಿನಿಂದ ನೋಡಿ ಕಲಿತೆನೆಂದು ನಿಮಗೂ ಹೇಳಿರಲಿಲ್ಲ.

ನುಜ್ಹತ