ಏಳು ಸೆಕೆಂಡ್ ಮೌನ

ನಾಸಿಕ
15 ಡಿಸೆಂಬರ್ 2009

ರಾಯರಿಗೆ ಜಲಜಾ ಮಾಡುವ ನಮಸ್ಕಾರ.

ನಾಲ್ಕು ತಿಂಗಳಲ್ಲಿ ನೀವು ಎರಡು ಸಲ ಫೋನ್ ಮಾಡಿದ್ದೀರಿ. ಎರಡೂ ಸಲ ಗ್ಯಾಸ್ ಸಿಲಿಂಡರ್ ಬಂತೇ ಎಂದು ಕೇಳಿದಿರಿ. ಬಂತು. ಉಳಿದದ್ದನ್ನು ಹೇಳಲು ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ನಾಟಕ ಆಯಿತು. ಮೊನ್ನೆ ರವಿವಾರ ಸಂಜೆ ಔರಂಗಾಬಾದಿನಲ್ಲಿ, ಎರಡೂ ಊರಿನ ಕನ್ನಡ ಸಂಘದವರು ಸೇರಿ ಮಾಡಿದೆವು. ಪಾತ್ರಧಾರಿಗಳೆಲ್ಲ ಘಟಾನುಘಟಿಗಳು ಎಂಬುದು ನಿಮಗೆ ಗೊತ್ತೇ ಇದೆ. ಐವತ್ತು ವರ್ಷ ಕಂಪನಿ ನಾಟಕಗಳಲ್ಲಿ ರಾಜನಾಗಿ ಮೆರೆದ ಗದಗಿನ ಮಹಾದೇವಪ್ಪನವರು, ಧಾರವಾಡ ಆಕಾಶವಾಣಿಯಲ್ಲಿ ಹೆಸರು ಮಾಡಿದ ನಿರುಪಮಾ. ಇವರ ನಡುವೆ ನಾನೊಬ್ಬಳು, ಮಹಾದೇವಪ್ಪನವರ ಹೆಂಡತಿಯ ಪಾತ್ರದಲ್ಲಿ. ನಡುಕ ಇತ್ತು, ಸುಳ್ಳೇಕೆ ಹೇಳಲಿ.

ಓಝರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರಷ್ಯನ್ ಕೈಪಿಡಿ ಓದಿ ವಿಮಾನ ಜೋಡಿಸಿದವರು ನೀವು. ನೂರು ವರ್ಷ ಹಳೆಯ ಆ ರಷ್ಯನ್ ನಾಟಕವನ್ನು ನೇರವಾಗಿ ಕನ್ನಡಕ್ಕೆ ತಂದವರೂ ನೀವೇ. ಮೊದಲ ವಾಚನ ನಮ್ಮ ಮನೆಯಲ್ಲೇ ಆಯಿತಲ್ಲ. ‘ಇಲ್ಲಿ ಐದು ಸೆಕೆಂಡ್ ಮೌನ’, ‘ಇಲ್ಲಿ ಏಳು ಸೆಕೆಂಡ್ ಮೌನ’ ಎಂದು ನೀವು ಬರೆದದ್ದನ್ನು ಓದಿ, ಎಲ್ಲರೆದುರು ನಾನು ಅಂದುಬಿಟ್ಟೆ: “ಇವರ ಕನ್ನಡ ಹಿಡಕೊಂಡು ನಾಟಕ ಮಾಡಬೇಕೋ, ಇಂಜಿನ್ ಬಿಚ್ಚಬೇಕೋ ತಿಳಿಯಂಗಿಲ್ಲರಿ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀವು ಚಹಾ ಮುಗಿಸಿ, ಕಪ್ಪನ್ನು ಒಳಗಿಟ್ಟು ಬಂದಿರಿ. ನಾಲ್ಕನೇ ದಿನ ಔರಂಗಾಬಾದಿನ ಹತ್ತಿರದ ವಾಳೂಜ್‌ನ ಒಂದು ಕಂಪನಿಯಲ್ಲಿ ಸಲಹೆಗಾರನ ಕೆಲಸ ಒಪ್ಪಿಕೊಂಡಿದ್ದೇನೆ ಎಂದಿರಿ. ನಿವೃತ್ತರಾಗಿ ಒಂದು ವರ್ಷವೂ ಆಗಿರಲಿಲ್ಲ. ಹೋಗಲಿ, ಸಿಟ್ಟು ಇಳಿದ ಮೇಲೆ ಬರುತ್ತಾರೆ ಎಂದು ನಾನೂ ಬಿಗಿದುಕೊಂಡು ಕೂತೆ. ನಿಮ್ಮ ಮೌನಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿದ್ದೂ ನಾನೇ. ಮಹಾದೇವಪ್ಪನವರಿಗೆ ಅದರಿಂದ ಖುಷಿಯೇ ಆಯಿತು. ರಂಗದ ಮೇಲೆ ಸುಮ್ಮನಾದರೆ ಜನ ಸೀಟಿ ಹೊಡೆಯುತ್ತಾರೆ ಎಂಬುದು ಅವರ ಅನುಭವ.

ನವೆಂಬರಿನಲ್ಲಿ ಕೊನೆಯ ದೃಶ್ಯದ ತಾಲೀಮು ಶುರುವಾಯಿತು. ಗಂಡ ಮನೆ ಬಿಟ್ಟು ಹೊರಡುವ ದೃಶ್ಯ. ನೀವು ಅಂಚಿನಲ್ಲಿ ಬರೆದ ಟಿಪ್ಪಣಿಯನ್ನು ಅಂದು ಸರಿಯಾಗಿ ಓದಿದೆ: ಪ್ರಯಾಣಕ್ಕೆ ಮುಂಚೆ ಹೊರಡುವವರೂ ಉಳಿಯುವವರೂ ಒಂದು ಗಳಿಗೆ ಮಾತಿಲ್ಲದೆ ಕೂತುಕೊಳ್ಳುವುದು ರಷ್ಯನ್ನರ ಪದ್ಧತಿ, ಕಾರ್ಖಾನೆಗೆ ಬರುತ್ತಿದ್ದ ರಷ್ಯನ್ ತಜ್ಞರೂ ಊರಿಗೆ ಹೊರಡುವಾಗ ನಮ್ಮನ್ನು ಹಾಗೇ ಕೂಡಿಸಿಕೊಳ್ಳುತ್ತಿದ್ದರು.

ನನಗೆ ಆಗಸ್ಟಿನ ಆ ಬೆಳಿಗ್ಗೆ ನೆನಪಾಯಿತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೀವು ಹೊರಗಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದಿರಿ. ಆಟೋ ಬಾಗಿಲಲ್ಲೇ ನಿಂತಿತ್ತು. ಯಾಕೆ ಏಳುತ್ತಿಲ್ಲ ಎಂದುಕೊಂಡು, ಬೇಕೆಂದೇ ನಾನು ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿದೆ. ಅದರಲ್ಲಿ ರುಬ್ಬುವಂಥದ್ದೇನೂ ಇರಲಿಲ್ಲ. ನಾನು ಬಂದು ಎದುರಿಗೆ ಕೂಡಲಿ ಎಂದು ನೀವು ಕಾಯುತ್ತಿದ್ದಿರಿ, ಅಲ್ಲವೇ? ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಆದರೆ ತಪ್ಪು ನನ್ನದು. ಅಂದು ತಾಲೀಮಿನಲ್ಲೇ ಅತ್ತುಬಿಟ್ಟೆ. ಪಾತ್ರದಲ್ಲಿ ಮುಳುಗಿದ್ದಾಳೆ ಎಂದು ನಿರುಪಮಾ ಹೊಗಳಿದರು.

ಹೊಡೆದುಹಾಕಿದ್ದನ್ನೆಲ್ಲ ಮತ್ತೆ ಬರೆದೆ. ಮಹಾದೇವಪ್ಪನವರ ಜೊತೆ ಜಗಳವೇ ಆಯಿತು. ಕೊನೆಗೆ ಅವರು, “ಆತವ್ವಾ, ಏಳು ಎಣಿಸ್ತೀನಿ. ಎಂಟಕ್ಕ ನೀ ಮಾತಾಡಲಿಲ್ಲಂದ್ರ ನಾ ಹಾಡು ಎತ್ತಾಂವ” ಎಂದರು.

ರವಿವಾರ ನಾವಿಬ್ಬರೂ ಎದುರುಬದುರು ಕೂತೆವು. ಸಭಾಗೃಹ ಪೂರ್ತಿ ನಿಶ್ಶಬ್ದ. ಏಳು ಮುಗಿಯಿತು, ಎಂಟು, ಒಂಬತ್ತು... ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮಹಾದೇವಪ್ಪನವರು ನನ್ನ ಮುಖ ನೋಡಿದರು, ಹಾಡಲಿಲ್ಲ. ಹನ್ನೊಂದಕ್ಕೋ ಹನ್ನೆರಡಕ್ಕೋ ನನ್ನ ಸಾಲು ಬಂತು. ಆ ಮೌನದ ಬಗ್ಗೆಯೇ ಎಲ್ಲರ ಮಾತು. ದೊಡ್ಡ ಅಭಿನಯ ಅಂತೆ! ಅಂದುಕೊಳ್ಳಲಿ ಬಿಡಿ.

ಜನವರಿಯಲ್ಲಿ ನಾಸಿಕದಲ್ಲಿ ಇನ್ನೊಂದು ಪ್ರಯೋಗವಿದೆ. ಆಮಂತ್ರಣದಲ್ಲಿ ಅನುವಾದಕರ ಹೆಸರು ಮೇಲೆ ಬರಬೇಕು, ನಟರದೆಲ್ಲ ಕೆಳಗೆ ಎಂದು ಹೇಳಿದ್ದೇನೆ. ಬೇಡ ಎನ್ನಬೇಡಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇನ್ನೂ ಸ್ವಲ್ಪ ಸಿಟ್ಟು ಉಳಿಸಿಕೊಂಡಿರುವ ನಿಮ್ಮ
ಜಲಜಾ

ತಾ.ಕ.: ಆರನೇ ಸೆಕೆಂಡಿಗೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೂವತ್ತೊಂದು ವರ್ಷ ಪಕ್ಕದಲ್ಲೇ ಕೇಳಿದ ಕೆಮ್ಮು, ನನಗೆ ಗೊತ್ತಾಗದೇ? ಮಾತು ಹೊರಡದ್ದು ಅದಕ್ಕೇ. ದೀಪ ಹಾಕುವಷ್ಟರಲ್ಲಿ ನೀವು ಎದ್ದು ಹೋಗಿದ್ದಿರಿ. ಶನಿವಾರ ಬೆಳಗಿನ ಬಸ್ಸಿಗೆ ನಾನೇ ವಾಳೂಜ್‌ಗೆ ಬರುತ್ತಿದ್ದೇನೆ. ಮಾತಾಡಲೇಬೇಕು ಅಂತಿಲ್ಲ. ನಿಮ್ಮ ಎದುರಿಗೆ ಒಂದು ಕುರ್ಚಿ ಹಾಕಿಡಿ, ಸಾಕು.