ಏಳನೆಯ ಸ್ಲೈಡು

ಮಂಗಳವಾರ, ಬೆಳಿಗ್ಗೆ ಏಳೂವರೆ
ಲ್ಯಾಬಿನ ಕಿಟಕಿ ಪಕ್ಕದ ಮೇಜು

ನನ್ನ ಹಟಮಾರಿ ಡಾಕ್ಟರಮ್ಮನಿಗೆ ಅಮ್ಮನಿಂದ ಒಂದು ಮುತ್ತು, ಜೊತೆಗೆ ತಲೆಗೊಂದು ಮೊಟಕು.

ನಿನ್ನ ಪತ್ರ ನಿನ್ನೆ ಬಂತು. ಮೊದಲ ಸಾಲು ಓದಿ ಎದ್ದು ನಿಂತೆ. ರಕ್ತರೋಗ ವಿಭಾಗದ ತರಬೇತಿಗೆ ಇದ್ದದ್ದು ಒಂದೇ ಸೀಟು, ಅದು ನಿನಗೆ! ಇಡೀ ಲ್ಯಾಬಿಗೆ ಕೇಳುವಂತೆ ಕೂಗಿಬಿಟ್ಟೆ. ಎರಡನೇ ಸಾಲು ಓದಿ ಮತ್ತೆ ಕೂತೆ. ಸೀಟು ಬೇಡವೆಂದು ಶುಕ್ರವಾರ ಬರೆದುಕೊಡುತ್ತೀಯಂತೆ! ಅಲ್ಲಿನ ದೊಡ್ಡ ಡಾಕ್ಟರು ಹಿಂದೆ ನಮ್ಮ ಲ್ಯಾಬಿನ ಮುಖ್ಯಸ್ಥರಾಗಿದ್ದರು ಎಂದು ಯಾರೋ ಪತ್ತೆ ಹಚ್ಚಿದರಂತೆ. ಇವಳಮ್ಮ ಅಲ್ಲೇ ಟೆಕ್ನಿಷಿಯನ್ ಅಲ್ವಾ, ಒಂದು ಮಾತು ಹಾಕಿರ್ತಾರೆ ಬಿಡು ಅಂತ ಕ್ಯಾಂಟೀನಿನಲ್ಲಿ ಆಡಿಕೊಂಡರಂತೆ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೇನೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ನೀನು ಕದ್ದದ್ದಾದರೂ ಏನು?

ನೀನೇನಾದ್ರೂ ಅವರಿಗೆ ಹೇಳಿದ್ಯಾ ಅಮ್ಮ ಅಂತ ನನ್ನನ್ನೇ ಕೇಳಿದ್ದೀಯ. ನೋವಾಯಿತು, ಮುಚ್ಚಿಡುವುದಿಲ್ಲ. ಆದರೆ ಕೇಳಿದ್ದು ಒಳ್ಳೆಯದೇ ಆಯಿತು.

ಹೇಳಿಲ್ಲ. ಅವರು ಇಲ್ಲಿಂದ ಹೋದಾಗ ನಿನಗೆ ಎರಡು ವರ್ಷ. ಆಗ ಇಲ್ಲಿ ಎಲ್ಲರಿಗೂ ನೀನು ಬರೀ ಗುಂಡಮ್ಮ. ನಿಜವಾದ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ. ವರ್ಷಕ್ಕೊಂದು ಪತ್ರ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ನೀನು ರಕ್ತರೋಗವನ್ನೇ ಕಲಿಯುತ್ತೇನೆ ಎಂದ ದಿನ ನಿಲ್ಲಿಸಿದೆ. ಮೂರು ವರ್ಷದಲ್ಲಿ ಅವರ ಮೂರು ಪತ್ರ ಬಂದವು, ಒಂದಕ್ಕೂ ಉತ್ತರ ಕೊಡಲಿಲ್ಲ. ಕೈಹಿಡಿದು ಕೆಲಸ ಕಲಿಸಿದ ಮನುಷ್ಯ! ಇವಳಿಗೆ ಈಗ ಕೊಬ್ಬು ಅಂದುಕೊಂಡಿರಬಹುದು. ಅಂದುಕೊಳ್ಳಲಿ.

ಇನ್ನು ನಿನ್ನ ದೊಡ್ಡ ಅನುಮಾನ. ಪರೀಕ್ಷೆಗೆ ರಕ್ತದ ಏಳು ಸ್ಲೈಡು ಇಟ್ಟಿದ್ದರು, ಏಳನೆಯದಕ್ಕೆ ಉಳಿದವರೆಲ್ಲ ರಕ್ತದ ಕ್ಯಾನ್ಸರ್ ಅಂತಲೋ ಭಾರೀ ಸೋಂಕು ಅಂತಲೋ ಬರೆದರು. ನೀನೊಬ್ಬಳೇ ಇವರು ಗಂಡಸೋ ಹೆಂಗಸೋ, ಬಸುರಿಯೋ ಏನೋ, ತಿಳಿಯದೆ ಕಾಯಿಲೆಯ ಹೆಸರು ಹೇಳಲಾರೆ ಎಂದು ಬರೆದೆ. ಉತ್ತರವನ್ನೇ ಕೊಡದವಳಿಗೆ ಸೀಟು ಕೊಟ್ಟರು ಅಂದರೆ ಶಿಫಾರಸೇ ಇರಬೇಕು ಎನ್ನುವುದು ನಿನ್ನ ವಾದ.

ಅಯ್ಯೋ ಪೆದ್ದಿ, ಅದೇ ಕಣೇ ಸರಿಯುತ್ತರ! ಮೂಲೆಯಲ್ಲಿ ಸಣ್ಣ ಗೀರು ಇತ್ತು ಅಂದೆಯಲ್ಲ, ಆ ಸ್ಲೈಡು ನನಗೆ ಗೊತ್ತು. ಆರು ಕಾಯಿಲೆಗಳ ಜೊತೆ ಆರೋಗ್ಯವಾಗಿರುವವರ ರಕ್ತದ ಸ್ಲೈಡೊಂದನ್ನು ಸೇರಿಸಿಡುವುದು ದೊಡ್ಡ ಡಾಕ್ಟರ ಪದ್ಧತಿ. ಇದು ತುಂಬು ಬಸುರಿಯದು. ಅಂಥವರಲ್ಲಿ ಬಿಳಿಕಣಗಳು ಏರುತ್ತವೆ, ಬಲಿಯದ ಕಣಗಳೂ ರಕ್ತಕ್ಕೆ ಬಂದುಬಿಡುತ್ತವೆ. ಆರು ಕಾಯಿಲೆ ನೋಡಿ ಬಂದ ಕಣ್ಣಿಗೆ ಅದೂ ಕಾಯಿಲೆಯಂತೆಯೇ ಕಾಣುತ್ತದೆ. ಅವರು ಜೊತೆಗೆ ಒಯ್ದ ಆ ಸ್ಲೈಡಿನ ಪೆಟ್ಟಿಗೆ ಇಲ್ಲಿದ್ದಾಗಲೇ ಎಷ್ಟೋ ಜನ ಕಿರಿಯ ಡಾಕ್ಟರುಗಳು ಆ ಸ್ಲೈಡಿನಲ್ಲಿ ಜಾರಿಬಿದ್ದಿದ್ದರು.

ರಜೆಯಲ್ಲೆಲ್ಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ನಿನಗೆ ಗಾಜಿನ ಮೇಲೆ ರಕ್ತ ತೆಳುವಾಗಿ ಹರಡಿ ಸ್ಲೈಡ್ ಎಳೆಯಲು ಕಲಿಸಿದೆ. ಒಂದು ಹನಿ, ಒಂದೇ ಎಳೆತ. ನಿನ್ನ ಮೊದಲ ಐವತ್ತನ್ನು ಡಬ್ಬಿಗೆ ಎಸೆದೆ, ನೀನು ಅತ್ತರೂ ಕರಗಲಿಲ್ಲ. ನೋಡುವುದನ್ನೂ ಎಣಿಸುವುದನ್ನೂ ಹೇಳಿಕೊಟ್ಟೆ. ಬಸುರಿಯ ರಕ್ತದ ಮಾತು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಒಂದಲ್ಲ ಒಂದು ದಿನ ನೀನು ಆ ಪೆಟ್ಟಿಗೆಯ ಮುಂದೆ ಕೂರಬಹುದು ಅನ್ನಿಸಿತ್ತು. ಬಾಯಿತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ! ಹಾಗಾಗಿ ಆ ಉತ್ತರ ನೀನೇ ಓದಿ, ನೀನೇ ಯೋಚಿಸಿ ಬರೆದದ್ದು. ಅದರಲ್ಲಿ ನನ್ನ ಪಾಲು ಎಳ್ಳಷ್ಟೂ ಇಲ್ಲ.

ನಿನ್ನೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಮೈಕ್ರೋಸ್ಕೋಪ್ ಮಂಜಾಗಿದೆ ಎಂದು ಲೆನ್ಸ್ ಒರೆಸಿ ಒರೆಸಿ ಸಾಕಾಯಿತು. ನೋಡಿದರೆ ಒದ್ದೆಯಾಗಿದ್ದದ್ದು ನನ್ನ ಕಣ್ಣು. ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ ಮಗಳೇ.

ಶುಕ್ರವಾರ ಹೋಗಿ ಒಪ್ಪಿಗೆಗೆ ಸಹಿ ಹಾಕು. ಕ್ಯಾಂಟೀನಿನವರ ಜೊತೆ ವಾದಕ್ಕೆ ಇಳಿಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಪ್ಪತ್ತೊಂಬತ್ತು ವರ್ಷದಿಂದ ಇದೇ ಮೇಜಿಗೆ ಅಂಟಿಕೊಂಡಿರುವ,
ನಿನ್ನ ಅಮ್ಮ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಆ ಸ್ಲೈಡ್ ಎಳೆದವಳು ನಾನೇ. ತುಂಬು ಬಸುರಿಯ ಸ್ಲೈಡೊಂದು ಮಾಡಿಡಿ ಅಂತ ದೊಡ್ಡ ಡಾಕ್ಟರು ಹೇಳಿದ್ದರು. ಯಾರ ರಕ್ತವೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಹಿ ಹಾಕಿದ ಮೇಲೆ ಬೇಕಾದರೆ ಅವರಿಗೆ ನೀನು ಹೇಳು. ಅವತ್ತು ಚುಚ್ಚಿಕೊಂಡದ್ದು ನನ್ನದೇ ಬೆರಳು. ನನಗೆ ಎಂಟು ತಿಂಗಳಾಗಿತ್ತು, ಹೊಟ್ಟೆಯಲ್ಲಿದ್ದವಳು ನೀನೇ.