ಸೊಸೆಯ ಗಂಡನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

ಮಟಕಿ, ತಾ. ಆಳಂದ
೧೫ ಡಿಸೆಂಬರ್ ೨೦೨೪

ಚಿ. ಸೌ. ಸುನಿತಾಳಿಗೆ,

ಮಟಕಿಯಿಂದ ಜಗದೇವಪ್ಪನ ಶರಣು ಮತ್ತು ಆಶೀರ್ವಾದ. ಇಲ್ಲಿ ನಾನು, ನಿನ್ನ ಅತ್ತೆ ಸುಂದರಬಾಯಿ ಇಬ್ಬರೂ ನೆಟ್ಟಗಿದ್ದೇವೆ. ನಿನ್ನ ಯಜಮಾನರು ಶ್ರೀಮಂತ ಅವರು, ಅವರ ತಾಯಿ, ನೀನು ಹೇಗಿದ್ದೀರಿ, ಜೇವರ್ಗಿಯ ನೀರು ನಿನಗೆ ಒಗ್ಗಿತೋ ಇಲ್ಲವೋ ಬರೆ.

ನೀನು ಫೋನಿನಲ್ಲಿ ಪ್ರಶ್ನೆ ಕಳಿಸಿ ಬಹಳ ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಷ್ಟು ಸಣ್ಣ ಅಕ್ಷರಗಳನ್ನು ಬೆರಳಿನಿಂದ ಒತ್ತುತ್ತ ವ್ಯಾಕರಣ ಹೇಳುವುದು ನನಗೆ ಆಗದು. ಬರೆಯೋಣವೆಂದು ಕುಳಿತಾಗಲೆಲ್ಲ ತೊಗರಿ ಹೊಲದ ಕಡೆಯಿಂದ ಯಾರಾದರೂ ಕೂಗುತ್ತಿದ್ದರು. ಇವತ್ತು ಭಾನುವಾರ, ಯಾರೂ ಕೂಗಿಲ್ಲ.

ನೀನು ಬಿ.ಎಡ್. ಹಾಸ್ಟೆಲಿನಲ್ಲಿದ್ದಾಗ ನಾನು ಬರೆಯುತ್ತಿದ್ದ ಪತ್ರಗಳಲ್ಲಿ ಬರೀ ‘ಚಿ.’ ಇರುತ್ತಿತ್ತು. ಈ ಸಲ ‘ಸೌ.’ ಕೂಡ ಬರೆದಿದ್ದೇನೆ. ಗಂಡನಿದ್ದವಳಿಗೆ ಮಾತ್ರ ಹಚ್ಚುವ ಅಕ್ಷರ ಅದು, ನನಗೆ ಅಂಥ ಪ್ರೀತಿಯದೇನಲ್ಲ. ಆದರೂ ಬರೆದೆ.

ಇನ್ನು ನಿನ್ನ ಪ್ರಶ್ನೆ. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು, ಅತ್ತೆಗೆ ‘ಮದರ್-ಇನ್-ಲಾ’ ಎನ್ನುವಾಗ ನಡುವೆ ಕಾನೂನು ಯಾಕೆ ಬಂತು ಎಂದು ಕೇಳಿದಳಲ್ಲ, ಒಳ್ಳೆಯ ಪ್ರಶ್ನೆ. ನನ್ನ ಕಾಲದ ಮಕ್ಕಳು ಅದನ್ನು ಕೇಳಲಿಲ್ಲ. ಕೇಳಿದ್ದರೆ ನಾನೂ ಅಂದೇ ಹುಡುಕುತ್ತಿದ್ದೆ.

ಮೊದಲು ಪರೀಕ್ಷೆಗೆ ಬೇಕಾದದ್ದು. ಬಹುವಚನದ ‘ಎಸ್’ ಮೊದಲ ಶಬ್ದಕ್ಕೆ ಹತ್ತುತ್ತದೆ: ಮದರ್ಸ್-ಇನ್-ಲಾ, ಸನ್ಸ್-ಇನ್-ಲಾ. ಷಷ್ಠಿಯ ‘ಎಸ್’ ಮಾತ್ರ ತುದಿಗೆ: ಮದರ್-ಇನ್-ಲಾಸ್ ಹೌಸ್. ನಡುವಿನ ಅಡ್ಡಗೆರೆಗಳನ್ನು ಬಿಡುವ ಹಾಗಿಲ್ಲ. ಗಂಡನ ಅಥವಾ ಹೆಂಡತಿಯ ಮನೆಯವರನ್ನೆಲ್ಲ ಒಟ್ಟಿಗೆ ‘ಇನ್-ಲಾಸ್’ ಎನ್ನುವುದು ಆಡುಮಾತು, ತಪ್ಪಲ್ಲ. ಹುಡುಗರು ಎಡವುವುದು ಬೇರೆ ಕಡೆ. ಗಂಡನ ತಮ್ಮ, ಹೆಂಡತಿಯ ಅಣ್ಣ, ಅಕ್ಕನ ಗಂಡ, ಎಲ್ಲರಿಗೂ ಅವರಲ್ಲಿ ‘ಬ್ರದರ್-ಇನ್-ಲಾ’ ಒಂದೇ. ನಾದಿನಿ, ನೆಗೆಣ್ಣಿ, ಅತ್ತಿಗೆ ಎಲ್ಲರೂ ‘ಸಿಸ್ಟರ್-ಇನ್-ಲಾ’. ಬೀಗರಿಗಂತೂ ಶಬ್ದವೇ ಇಲ್ಲ. ನಿಂಬರ್ಗಾದ ಶಾಲೆಯಲ್ಲಿ ನನ್ನ ಜೊತೆಗಿದ್ದ ಗಣಿತದ ಮಾಸ್ತರ ಚಮನಸಾಬ ಇದನ್ನು ಕೇಳಿ, ಹಾಗಾದರೆ ಮದುವೆಯಲ್ಲಿ ಅವರು ಯಾರ ಮೇಲೆ ಸಿಟ್ಟಾಗುತ್ತಾರೆ ಎಂದು ಕೇಳಿದ್ದರು.

ಈಗ ಕಾನೂನಿನ ಮಾತು. ಅದು ಕೋರ್ಟಿನದಲ್ಲ, ಚರ್ಚಿನದು. ಯಾರು ಯಾರನ್ನು ಮದುವೆಯಾಗಬಾರದು ಎಂದು ಹಿಂದೆ ಅವರ ಚರ್ಚು ಗೆರೆ ಹಾಕಿತ್ತು. ಮದುವೆಯಾದ ಕೂಡಲೇ ಗಂಡನ ತಾಯಿ, ತಂದೆ, ಅಣ್ಣತಮ್ಮಂದಿರು ಹುಟ್ಟಿನಿಂದಲೇ ಬಂದ ತಾಯಿ, ತಂದೆ, ಅಣ್ಣತಮ್ಮಂದಿರಂತೆ ಆ ಗೆರೆಯೊಳಗೆ ಬರುತ್ತಿದ್ದರು. ಆದ್ದರಿಂದ ‘ಕಾನೂನಿನಲ್ಲಿ ತಾಯಿ’. ಓದುವಾಗ ಒಂದು ಸಂಗತಿ ನನಗೆ ಹೊಸದಾಗಿ ಕಂಡಿತು. ಗಂಡ ಸತ್ತರೂ ಹೆಂಡತಿ ಸತ್ತರೂ ಆ ಹಳೆಯ ಕಾನೂನಿನಲ್ಲಿ ಈ ಸಂಬಂಧ ಅಳಿಯುತ್ತಿರಲಿಲ್ಲವಂತೆ. ಮಕ್ಕಳಿಗೆ ಇಷ್ಟು ಬೇಡ. ನಿನಗೆ ತಿಳಿದಿರಲಿ ಎಂದು ಬರೆದೆ.

‘ಸ್ಟೆಪ್‌ಮದರ್’, ‘ಸ್ಟೆಪ್‌ಸನ್’ ಬೇರೆ ಮನೆತನದ ಶಬ್ದಗಳು. ಅಡ್ಡಗೆರೆ ಬೇಕಿಲ್ಲ, ಕೂಡಿಸಿ ಬರೆಯಬೇಕು. ಮೆಟ್ಟಿಲಿಗೂ ಹೆಜ್ಜೆಗೂ ಈ ‘ಸ್ಟೆಪ್’ ಏನೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಯಾರನ್ನೋ ಕಳಕೊಂಡದ್ದು ಎಂಬ ಅರ್ಥವಿತ್ತು. ಸ್ಟೆಪ್‌ಚೈಲ್ಡ್ ಎಂದರೆ ಮೊದಲಿಗೆ ತಬ್ಬಲಿ ಕೂಸು, ಅಷ್ಟೇ. ನಾವು ‘ಮಲತಾಯಿ’ ಎನ್ನುವಾಗ ಬರುವ ಕಹಿ ಅದರಲ್ಲಿ ಮೊದಲಿಗೆ ಇರಲಿಲ್ಲ.

ಪಾಠ ಇಲ್ಲಿಗೆ ಮುಗಿಯಿತು. ಉಳಿದದ್ದು ಮನೆಯ ಸುದ್ದಿ.

ಕನ್ನಡದ ‘ಸೊಸೆ’ಗೆ ಎರಡು ದಾರಿಗಳಿವೆ, ನಿನಗೆ ಗೊತ್ತು. ಅಣ್ಣನ ಮಗಳು ಹುಟ್ಟಿದಾಗಿನಿಂದ ಸೋದರತ್ತೆಗೆ ಸೊಸೆ, ಮದುವೆಯಾಗಲಿ ಬಿಡಲಿ. ನಿನ್ನ ಅತ್ತೆಗೆ ಅಂಥ ಸೊಸೆಯೇ ಬೇಕಿತ್ತು, ತವರಿನ ಹುಡುಗಿ. ನಮ್ಮ ಮಗ ಸಿದ್ದಲಿಂಗ ಯಡ್ರಾಮಿಯಿಂದ ನಿನ್ನನ್ನು ಮೆಚ್ಚಿಕೊಂಡು ಬಂದ. ಆಕೆ ಮೊದಲ ವರ್ಷ ನಿನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಿನ್ನನ್ನು ಬಿಟ್ಟು ಊಟ ಮಾಡದವಳಾದಳು. ನಿಂಬರ್ಗಾ ದಾರಿಯಲ್ಲಿ ಸಿದ್ದಲಿಂಗನ ಗಾಡಿ ಲಾರಿಗೆ ಸಿಕ್ಕು ಅವನು ಹೋದ ಮೇಲೆ ನೀನು ತವರಿಗೆ ಹೋಗದೆ ನಮ್ಮಲ್ಲೇ ಉಳಿದು ಓದಿದೆ. ನಾನು ನಿನ್ನ ಎದುರಿಗೆ ಕುಳಿತು ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ಆಕೆ ಬಾಗಿಲ ಹತ್ತಿರ ಕುಳಿತು ಏನೂ ತಿಳಿಯದಿದ್ದರೂ ಕೇಳುತ್ತಿದ್ದಳು. ನಿನಗೆ ಜೇವರ್ಗಿಯಲ್ಲಿ ನೌಕರಿ ಸಿಕ್ಕಿದಾಗ ಊರಿಗೆಲ್ಲ ಪೇಢೆ ಹಂಚಿದವಳೂ ಆಕೆಯೇ.

ನಿನ್ನ ಮದುವೆಯ ಮಾತು ತೆಗೆದಾಗ ಮಾತ್ರ ಆಕೆ ನನ್ನ ಮೇಲೆ ಹರಿಹಾಯ್ದಳು. ಜನ ಏನೆಂದಾರು ಎಂಬ ಅಂಜಿಕೆ ಆಕೆಗೆ ಇರಲಿಲ್ಲ. ಶರಣರು ಇದನ್ನು ಎಂದೋ ಒಪ್ಪಿದ್ದಾರೆ ಎಂದು ನಾನು ಹೇಳಲು ಹೋದರೆ, ಶರಣರ ಮಾತು ನನಗೂ ಗೊತ್ತು, ಅವರೇನು ನನ್ನ ಮನೆ ಖಾಲಿ ಮಾಡಿರಿ ಅಂದಿದ್ದರೇ ಎಂದಳು. ಅಫಜಲಪುರದ ಮಠದಲ್ಲಿ ನಿಮ್ಮ ಮದುವೆಯಾದ ದಿನ ಆಕೆ ಬರಲಿಲ್ಲ. ನಿನ್ನ ಅಣ್ಣನೂ ಬರಲಿಲ್ಲ. ನಿನ್ನ ಕಡೆಯ ಹಿರಿಯನೆಂದು ನಾನೊಬ್ಬನೇ ಕುಳಿತಿದ್ದೆ. ಮನೆಗೆ ಬಂದು ಫೋಟೊ ತೋರಿಸಿದರೆ ಮುಖ ತಿರುಗಿಸಿದಳು. ಶ್ರೀಮಂತ ಅವರ ಮುಖ ಹೇಗಿದೆ ಎಂದು ಮೊನ್ನೆಯವರೆಗೂ ಆಕೆಗೆ ಗೊತ್ತಿರಲಿಲ್ಲ.

ಮೊನ್ನೆ ಆದದ್ದನ್ನು ಶ್ರೀಮಂತ ಅವರು ನಿನಗೆ ಹೇಳಿದ್ದಾರೋ ಇಲ್ಲವೋ ತಿಳಿಯದು, ಅವರು ಮಾತು ಕಡಿಮೆ. ಈ ಸಲ ನಮ್ಮ ಕಡೆ ತೊಗರಿಗೆ ನೆಟೆರೋಗ ಬಿದ್ದಿದೆ. ಹೂವಿನಲ್ಲಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಅದನ್ನು ನೋಡಿಹೋಗಲು ಕೃಷಿ ಇಲಾಖೆಯವರು ಬೇರೆ ತಾಲೂಕುಗಳಿಂದಲೂ ಜನರನ್ನು ಕಳಿಸಿದ್ದರು. ಮಟಕಿಗೆ ಬಂದ ಜೀಪಿನಲ್ಲಿ ನಿನ್ನ ಗಂಡನೂ ಇದ್ದರು. ನನ್ನನ್ನು ಕಂಡು ಕೈಮುಗಿದರು. ಮಧ್ಯಾಹ್ನದ ಹೊತ್ತಾಗಿತ್ತು. ಜೊತೆಯವರು ದೌಲತರಾಯರ ಮನೆಗೆ ಊಟಕ್ಕೆ ಹೋದರು. ಇವರನ್ನು ನಾನು ನಮ್ಮ ಮನೆಗೆ ಕರೆದೆ. ಕರೆದ ಮೇಲೆ ನನಗೇ ಅಂಜಿಕೆಯಾಯಿತು. ಬೇಡವಾದರೆ ಬರುವುದಿಲ್ಲ ಎಂದು ಅವರೇ ಅಂದರು. ಬರ್ರಿ ಎಂದೆ.

ನಿನ್ನ ಅತ್ತೆ, ಯಾರೋ ಹೊಲ ನೋಡಲು ಬಂದ ಸಾಹೇಬರು ಎಂದುಕೊಂಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಹೆಸರು ಹೇಳಬೇಕೆಂದು ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ ಸಣ್ಣಗೆ ತಲೆಯಲ್ಲಾಡಿಸಿದರು. ಊಟ ನಡೆದಿತ್ತು. ಸಾಹೇಬರದು ಯಾವೂರು ಎಂದು ಈಕೆ ಕೇಳಿದಳು. ಹುಟ್ಟಿದ್ದು ಅಫಜಲಪುರ, ಇರುವುದು ಜೇವರ್ಗಿ ಎಂದರು.

“ಜೇವರ್ಗ್ಯಾಗ ನಮ್ಮ ಹುಡುಗಿ ಒಬ್ಬಾಕಿ ಅದಾಳ್ರಿ. ಸಾಲ್ಯಾಗ ಇಂಗ್ಲಿಷ್ ಕಲಸ್ತಾಳ,” ಅಂದಳು.

ಅವರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟರು. “ಗೊತ್ತದರಿ. ನಾ ಆಕಿ ಮನಿಯವ.”

ಈಕೆ ಎದ್ದು ಒಳಗೆ ಹೋದಳು. ಅವರು ಕೈ ತೊಳೆಯಲೋ ಎಂಬಂತೆ ನನ್ನನ್ನು ನೋಡಿದರು. ತಡೆಯಿರಿ ಎಂದು ಸನ್ನೆ ಮಾಡಿದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಬುಟ್ಟಿಯಲ್ಲಿ ಬೇಕಾದಷ್ಟು ರೊಟ್ಟಿ ಇತ್ತು, ಆದರೂ ಹೊಸದು ಬಡಿಯುತ್ತಿದ್ದಳು. ಅದನ್ನು ಹಿಡಿದು ಹೊರಗೆ ಬಂದು ಅವರ ಮುಂದೆ ನಿಂತಳು.

“ಆಕಿ ಈಗೂ ಮುಂಜಾನಿ ಉಣಲಾರದೆ ಸಾಲಿಗಿ ಹೋಗ್ತಾಳೇನ್ರಿ?”

“ಮೊದಲ ಹೋಗ್ತಿದ್ಲರಿ. ಈಗ ನಮ್ಮವ್ವ ಬಿಡಂಗಿಲ್ಲ.”

“ಚಲೋ ಆತು,” ಅಂದಳು. ಬಾಗಿ ರೊಟ್ಟಿಯನ್ನು ಅವರ ತಾಟಿಗೆ ಹಾಕಿದಳು. “ತಗೋ. ಬಿಸಿ ಅದ.”

ಇಂಗ್ಲಿಷಿನಲ್ಲಿ ಇದನ್ನು ಹೇಳಲು ಬರುವುದಿಲ್ಲ ಸುನಿತಾ, ಅಲ್ಲಿ ಎಲ್ಲರಿಗೂ ‘ಯೂ’ ಒಂದೇ. ಅಷ್ಟು ಹೊತ್ತು ‘ರಿ’ ಹಚ್ಚಿ ಮಾತಾಡಿದವಳು ಈಗ ‘ತಗೋ’ ಅಂದಳು. ಅಳಿಯನಿಗೆ ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅಳಿಯ ಎಷ್ಟೇ ಚಿಕ್ಕವನಿರಲಿ, ‘ತಗೋರಿ’ ಎನ್ನುತ್ತಾರೆ. ಶ್ರೀಮಂತ ಅವರಿಗೂ ಅದು ತಿಳಿಯಿತೆಂದು ಕಾಣುತ್ತದೆ. ತಲೆ ಎತ್ತದೆ ಆ ರೊಟ್ಟಿಯನ್ನು ಪೂರಾ ಉಂಡರು. ಜೀಪು ಹೋದ ಮೇಲೆ ಆಕೆ ತಾಟು ತೊಳೆದಳು.

ಸಂಜೆ ಕಡಲೆ ಸೊಪ್ಪು ಸೋಸುತ್ತ ಕುಳಿತಿದ್ದಾಗ, ಅವರು ನಮಗೆ ಏನಾಗಬೇಕು ಎಂದು ಕೇಳಿದಳು. ಅಳಿಯ ಎನ್ನಬೇಕೆಂದರೆ ನಮಗೆ ಮಗಳಿಲ್ಲ. ಏನೂ ಅಲ್ಲ ಎನ್ನಲು ಆಕೆಗೆ ಮನಸ್ಸಾಗಲಿಲ್ಲ. ಕನ್ನಡದಲ್ಲಿ ಇದಕ್ಕೆ ಶಬ್ದವಿಲ್ಲ ಎಂದು ನಾನು ಹೇಳಿದೆ.

“ಸೊಸಿ ಗಂಡಗ ನಿಮ್ಮ ಇಂಗ್ಲಿಷಿನ್ಯಾಗ ಏನಂತಾರ?”

ನಾನು ನಿನ್ನ ಪ್ರಶ್ನೆಗಾಗಿ ನನ್ನ ಇಂಗ್ಲಿಷ್ ಪುಸ್ತಕಗಳನ್ನು ತಿರುವಿ ಹಾಕಿದ್ದೆ. ಅಲ್ಲಿಯೂ ಬೇರೆ ಶಬ್ದವಿಲ್ಲ. ಯಾಕೆಂದರೆ ಬೇಕಾಗಿಲ್ಲ. ಡಾಟರ್-ಇನ್-ಲಾಳ ಗಂಡ ಸನ್.

“ಮಗ ಅಂತಾರ,” ಅಂದೆ.

ಆಕೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ, ಎಳ್ಳಮವಾಸ್ಯೆಗೆ ಇಬ್ಬರೂ ಬರಲಿ, ಹಾಗಂತ ಬರೆಯಿರಿ ಎಂದಳು. ಅದಕ್ಕಾಗಿಯೇ ಈ ಪತ್ರ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಅಲ್ಲೇ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಇರುತ್ತದೆ. ಜೇವರ್ಗಿಯ ನಿನ್ನ ಅತ್ತೆಯನ್ನೂ ಕರೆದುಕೊಂಡು ಬಾ ಎನ್ನಲು ಹೇಳಿದ್ದಾಳೆ. ನಿನಗೆ ಈಗ ಇಬ್ಬರು ಮದರ್ಸ್-ಇನ್-ಲಾ, ‘ಎಸ್’ ಎಲ್ಲಿ ಹಚ್ಚಬೇಕೆಂದು ಮೇಲೆ ಬರೆದಿದ್ದೇನೆ.

ಶಾಲೆಯ ಕೆಲಸದಲ್ಲಿ ಕಣ್ಣಿಗೆ ತ್ರಾಸು ಮಾಡಿಕೊಳ್ಳಬೇಡ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನಲು ನಾಚಬೇಡ. ನಿಮ್ಮಿಬ್ಬರ ಸಂಸಾರ ತಂಪಾಗಿರಲಿ, ಮನೆ ತುಂಬಲಿ.

ನಿನ್ನ ಮಾವ,
ಜಗದೇವಪ್ಪ

ತಾ.ಕ.: ಇದನ್ನು ಬರೆಯಬೇಕೋ ಬೇಡವೋ ಎಂದು ನೋಡಿ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ನಾನು ಜೇವರ್ಗಿಗೆ ಬಂದವನು ನಿನ್ನ ಶಾಲೆಗೂ ಬಂದೆನಲ್ಲ, ಆ ದಿನ ನಿಮ್ಮ ಹೆಡ್‌ಮೇಡಂ ನಾನು ಯಾರೆಂದು ಕೇಳಿದರು. ನೀನು “ನಮ್ಮ ಇಂಗ್ಲಿಷ್ ಸರ್ ಅದಾರ್ರಿ” ಎಂದೆ. ಸುಳ್ಳಲ್ಲ. ಹೊಸ ಊರು, ಹೊಸ ಜನ, ನಿನಗೆ ಇದು ಎರಡನೆಯ ಮದುವೆ ಎಂದು ಅವರಿಗೆಲ್ಲ ತಿಳಿಯುವುದು ಬೇಡ, ಅದನ್ನು ನಾನು ಬಲ್ಲೆ. ಆದರೆ ಆ ಮೇಡಂ ಚಹಾ ಕೊಟ್ಟು, ನಿಮಗೆ ಮಕ್ಕಳೆಷ್ಟು ಸರ್ ಎಂದರು. ಒಬ್ಬ ಮಗನಿದ್ದ, ತೀರಿಕೊಂಡ ಎಂದೆ. ಅವರು ಅಯ್ಯೋ ಎಂದರು. ನೀನು ಬದಿಯಲ್ಲೇ ನಿಂತು, ಆ ಸುದ್ದಿ ಮೊದಲ ಸಲ ಕೇಳಿದವಳಂತೆ ಕೇಳಿದೆ. ಅವನಿಗೆ ಮದುವೆಯಾಗಿತ್ತೇ ಎಂದರು. ಆಗಿತ್ತು ಎಂದೆ. ಸೊಸೆ ಎಲ್ಲಿದ್ದಾಳೆ ಎಂದರು. ನಾನು ನಿನ್ನ ಕಡೆ ನೋಡಲಿಲ್ಲ. “ಅದಾಳ್ರಿ, ಚಲೋ ಅದಾಳ,” ಎಂದೆ. ನೀನು ಖಾಲಿ ಕಪ್ಪುಗಳನ್ನು ತೆಗೆದುಕೊಂಡು ಹೊರಗೆ ಹೋದೆ.

ಇನ್ನು ಮುಂದೆ ಜೇವರ್ಗಿಗೆ ಬಂದರೆ ಶಾಲೆಗೆ ಬರುವುದಿಲ್ಲ, ಸೀದಾ ಮನೆಗೇ ಬರುತ್ತೇನೆ. ಅಲ್ಲಿ ನಾನು ಯಾರೆಂದು ಎಲ್ಲರಿಗೂ ಗೊತ್ತಿದೆ.